ಎಂಟು ತಾಳ, ಒಂದು ಹೂಂ

ಮೊದಲು ಹೇಳಿದವನು ಹುಲುಗಪ್ಪ.
ಚೀಲಕ್ಕೆ ಕೈ ಇಳಿಸಿ, ಒಂದು ಕಾಳು ಕಡಿದು,
"ತಬಸ್ಸುಮಕ್ಕ, ನಿನ್ನ ಮಿಷನ್ನು ಸುಳ್ಳ ಹೇಳತೈತಿ" ಅಂದ.
"ಎಂಟು ಟ್ರ್ಯಾಕ್ಟರ್, ಎಂಟು ಹೊಲ,
ಎಲ್ಲಾದಕ್ಕೂ ಹದಿನೇಳು ಪಾಯಿಂಟ್ ನಾಕು ತೇವ ಅಂದ್ರ
ಕಾಲುವಿ ನೀರು ಅಷ್ಟು ನ್ಯಾಯವಾಗಿ ಎಂದು ಹರದೈತಿ?"
ದೊಡ್ಡ ಮೋಟಾರು ಶುರುವಾದಾಗಲೇ ಹೀಗೆ,
ಅಂತಲೂ ಅವನೇ ಹೇಳಿದ್ದು.

ಕಾರಟಗಿಯ ಅಕ್ಕಿ ಗಿರಣಿ. ಮೀಟರಿನ ಹೊಟ್ಟೆ ಬಿಚ್ಚಿದರೆ
ಅಂಗೈಯಗಲ ಬೋರ್ಡು, ತೌಡಿನ ಧೂಳು,
ಬಸ್ಸೆಂದು ಕರೆಯುವ ಎರಡೇ ಎರಡು ಎಳೆ:
ಒಂದು ತಾಳ ಹಾಕುತ್ತದೆ, ಒಂದು ಮಾತು ಹೊರುತ್ತದೆ.
"ಬಸ್ಸು ನಿಂತೈತ್ರಿ" ಅಂದೆ ಸಾವ್ಕಾರರಿಗೆ.
"ಯಾವುದು, ಸಿಂಧನೂರಿಂದಾ?"
ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮೋಟಾರು ಗುಡುಗಿದಾಗ ಸೆನ್ಸರಿಗೆ ಒಂದು ತಾಳ ತಪ್ಪುತ್ತದೆ.
ಅರ್ಧ ಮಾತಿನಲ್ಲಿ ಎಳೆಯನ್ನು ಕೆಳಗೆ ಹಿಡಿದುಕೊಂಡು
ಮುಂದಿನ ತಾಳಕ್ಕೆ ಕಾಯುತ್ತ ಕೂತುಬಿಡುತ್ತದೆ.
ಅದು ಬಿಡಲೆಂದು ಕರ್ನಲ್ಲು ಕಾಯುತ್ತದೆ.
ಇಬ್ಬರೂ ಸಭ್ಯಸ್ಥರು. ಪರದೆಯ ಮೇಲೆ ಹಳೆಯ ಅಂಕಿ.

ನನ್ನ ಮದ್ದು ಹನ್ನೊಂದು ಸಾಲು:
ಖಾಲಿ ತಾಳ ಒಂಬತ್ತು ಹಾಕು,
ಸಿಕ್ಕಿಬಿದ್ದವನು ತನ್ನ ಮಾತು ಮುಗಿಸಲಿ,
ಆಮೇಲೆ ಹೊಸದಾಗಿ ಕರೆ.
ಮೂರು ದಿನ ಓಡಿಸಿ ನೋಡಿ ಕಳಿಸಿದೆ,
ಆ ಡ್ರೈವರನ್ನು ಕಾಯುವ ಯಾರೋ ಒಬ್ಬರಿಗೆ.
ಹಿಮದ ನಾಡಿನವರಿರಬೇಕು, ಹೆಸರಿಗೆ ನಾಲಗೆ ತಿರುಗಲಿಲ್ಲ.

ಹತ್ತೊಂಬತ್ತು ದಿನದ ಮೇಲೆ ಬಂದದ್ದು ಒಂದೇ ಸಾಲು:
ಒಂಬತ್ತೇ ಯಾಕೆ?

ಸಿಟ್ಟು ಬಂತು. ಚಹಾ ಕುಡಿದು ಬರೆದೆ:
ಎಂಟು ಬಿಟ್ಟಿಗೆ ಎಂಟು, ಕೇಳಿಸಿಕೊಂಡವರ ಹೂಂಗೆ ಒಂದು.
ನಮ್ಮಲ್ಲಿ ಕಥೆ ಕೇಳುವವರು ಹೂಂ ಅನ್ನದಿದ್ದರೆ
ಹೇಳುವವಳು ನಿಲ್ಲಿಸಿಬಿಡುತ್ತಾಳೆ.
ಈ ಕೊನೆಯದನ್ನು ಅಳಿಸಿ ಕಳಿಸಿದೆ.

ಎರಡನೆಯ ಸಲ: ಪ್ರತಿ ತಾಳವಾದ ಮೇಲೆ ನೋಡು,
ಎಳೆ ಬಿಟ್ಟಿದ್ದರೆ ಅಲ್ಲೇ ನಿಲ್ಲಿಸು.
ನಿಜಕ್ಕೂ ತಪ್ಪಿತ್ತು. ಮದುವೆ ಮನೆಯಲ್ಲಿ
ಕುರ್ತಾ ಉಲ್ಟಾ ಹಾಕಿದ್ದನ್ನು ಯಾರೋ ಮೆಲ್ಲಗೆ ಹೇಳಿದ ಹಾಗಾಯಿತು.

ಮೂರನೆಯ ಸಲ: ಏನು ಮಾಡಿದೆ ಎಂದು ಸಾಲುಗಳೇ ಹೇಳುತ್ತವೆ,
ಯಾಕೆ ಎಂದು ನೀನು ಹೇಳು.

ಯಾಕೆ?
ಹೆಚ್ಚಿನ ತೇವದ ಒಂದೊಂದು ಪಾಯಿಂಟಿಗೂ ತೂಕದಲ್ಲಿ ಕಡಿತ.
ಎಂಟರಲ್ಲಿ ಏಳು ಹೊಲದ ಭತ್ತ ಒಣಗಿಯೇ ಬಂದಿತ್ತು.
ಇಂಗ್ಲಿಷಿನಲ್ಲಿ ಬರೆಯಲು ಒಂದು ರಾತ್ರಿ ಹಿಡಿಯಿತು;
"ದೊಡ್ಡ ಮೋಟಾರು ಶುರುವಾದಾಗ" ಎಂಬಷ್ಟೇ ಉಳಿಯಿತು.
ಅದರ ಕೆಳಗೆ: ಕಂಡು ಹೇಳಿದವರು, ಹುಲುಗಪ್ಪ.

ಅಡ್ಡಹೆಸರು? ಎಂದು ಬಂತು.
ಹಮಾಲರ ಪಟ್ಟಿಯಲ್ಲಿ ಅವನು ಹುಲುಗಪ್ಪ ನಂಬರ್ ಎರಡು.
ಹೆಸರು ಇಷ್ಟೇ, ಎಂದು ಬರೆದೆ.

ನಾಲ್ಕನೆಯ ಸಲ: ತಗೊಂಡೆ, ಧನ್ಯವಾದ.

ಫೋನಿನಲ್ಲಿ ತೋರಿಸಿದೆ. ಬೆನ್ನ ಮೇಲಿನ ಚೀಲ ಇಳಿಸದೆಯೇ
ಕತ್ತು ಹೊರಳಿಸಿ ನೋಡಿದ.
"ಕೋರ್ಟು ಕೇಸು ಏನಾರ ಆಗತೈತೇನು?"
ಇಲ್ಲ ಅಂದೆ.
"ಹಂಗಾರ ಇರಲಿ ಬಿಡು."
ನಾಲ್ಕು ಹೆಜ್ಜೆ ಹೋಗಿ ನಿಂತ.
"ಆ ಏಳು ಹೊಲದವ್ರಿಗೆ ಕಡದಿದ್ದು ಯಾರು ಕೊಡ್ತಾರ?"

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಒಳಗೆ ದೊಡ್ಡ ಮೋಟಾರು ಶುರುವಾಯಿತು.
ಪರದೆಯಲ್ಲಿ ಹದಿಮೂರು ಪಾಯಿಂಟ್ ಎಂಟು, ಹದಿನಾಲ್ಕು,
ಮತ್ತೆ ಹದಿಮೂರು ಪಾಯಿಂಟ್ ಒಂಬತ್ತು.