ಅಕ್ಟೋಬರಿಗಿಡು

ಪುಂಟಾ ಅರೇನಾಸಿನ ಗಾಳಿ. ಬೀದಿ ದಾಟುವವರು
ಕಟ್ಟಿದ ಹಗ್ಗ ಹಿಡಿದೇ ದಾಟಬೇಕು ಇವತ್ತು.
ಒಳಗೆ, ನನ್ನ ಕಿವಿಯಂಗಡಿಯಲ್ಲಿ, ಹಳೆಯ ಎಕ್ಸ್‌ಪಿ;
ಎದುರು ಕುರ್ಚಿಯಲ್ಲಿ ಮೀನುಗಾರ ಬೌದಿಲಿಯೊ,
ಟೋಪಿ ಅವನ ಮಡಿಲಲ್ಲಿ, ಶ್ರವಣಯಂತ್ರ ನನ್ನ ಅಂಗೈಲಿ.

ಅದನ್ನು ತಿದ್ದಬಲ್ಲ ತಂತ್ರಾಂಶ ಒಂದೇ ಒಂದು,
ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲ.
ಸೀಡಿ ಗರಗರ ಸುತ್ತಿತು. ಬೂದು ಚೌಕ ಎದ್ದಿತು:
ಪ್ರಕಾಶಕರು ಯಾರೋ ತಿಳಿಯದು. ನಂಬುತ್ತೀರಾ?
ನಂಬಿದೆ.
ನೀವು ನಿರ್ವಾಹಕರೇ?
ಅಂಗಡಿ ಗುಡಿಸುವವಳೂ ನಾನೇ. ಹೌದು ಒತ್ತಿದೆ.
ಪರವಾನಗಿಯ ಅವಧಿ ಮುಗಿದಿದೆ. ಸರಿ.
ಸರಿ ಅನ್ನುವುದೊಂದೇ ಗುಂಡಿ ಅಲ್ಲಿ,
ಸರಿಯಿಲ್ಲ ಅನ್ನಲು ಜಾಗವೇ ಇಲ್ಲ.

ಮೂರು ಸಲ ಸೋತ ಮೇಲೆ ಹೊಳೆಯಿತು.
ಪರದೆಯ ಮೂಲೆಯ ಗಡಿಯಾರ ಬಿಚ್ಚಿ, ವರ್ಷವನ್ನು
ಎರಡು ಸಾವಿರದ ಆರಕ್ಕೆ ಇಳಿಸಿದೆ. ತಿಂಗಳು ಜುಲೈ.

ಬೌದಿಲಿಯೊ ಕನ್ನಡಕ ಏರಿಸಿ ಬಾಗಿ ನೋಡಿದ.
"ಜುಲೈ ಬೇಡ, ಓರಿಯಾನಾ," ಎಂದ, ಕಿವುಡರ ದೊಡ್ಡ ದನಿಯಲ್ಲಿ,
"ದೋಣಿ ಇನ್ನೂ ಬಂದಿರಲಿಲ್ಲ ಆಗ. ಅಕ್ಟೋಬರಿಗಿಡು."

ಯಾವ ದೋಣಿ ಎಂದು ಕೇಳಲಿಲ್ಲ.
ಕೇಳಿದರೂ ಅವನಿಗೆ ಕೇಳಿಸದು.
ಅಕ್ಟೋಬರಿಗಿಟ್ಟೆ.
ಹಸಿರು ಪಟ್ಟಿ ತೆವಳಿತು; ತೊಂಬತ್ತೊಂಬತ್ತರಲ್ಲಿ
ಚಹಾ ಆರುವಷ್ಟು ಹೊತ್ತು ನಿಂತು, ಮುಗಿಯಿತು.

ಯಂತ್ರ ಕಿವಿಗೇರಿಸಿದೆ. ಬೆಚ್ಚಿದ.
ಕಿಟಕಿಯ ಗಾಳಿಯತ್ತ ಅಲ್ಲ, ನನ್ನತ್ತಲೂ ಅಲ್ಲ,
ಮೇಜಿನಡಿಯ ಡಬ್ಬಿಯತ್ತ ಬೆರಳು ಮಾಡಿದ:
"ಇದು ಇಷ್ಟು ಹೊತ್ತೂ
ಹೀಗೇ ಏದುಸಿರು ಬಿಡುತ್ತಿತ್ತಾ?"