ಬೆನ್ನಿಲ್ಲದ ಊರು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಹೊಟ್ಟಿನ ಚೀಲಕ್ಕೊರಗಿ, ಗಾಜೊಡೆದ ಫೋನಲ್ಲಿ
ಜಬೀವುಲ್ಲ ಊರೂರು ತಿರುಗುತ್ತಾನೆ.

ಅಲ್ಲಿ ಎತ್ತ ಹೋದರೂ ದಾರಿ.
ಕಾಡಿಗೆ ಬೇಲಿಯಿಲ್ಲ, ಕೋಟೆಗೆ ಟಿಕೆಟ್ಟಿಲ್ಲ,
ಯಾರ ಮಗನೋ ನೀನು ಎನ್ನುವವರಿಲ್ಲ.
ಒಂದು ಕತ್ತಿಗಾಗಿ ಮೂರು ರಾತ್ರಿ ದುಡಿದ;
ಕೂಲಿ ಅಲ್ಲಲ್ಲೇ ಚುಕ್ತಾ.

ಆದರೆ ಅಂಗಡಿಯ ಅಜ್ಜನದು
ನೂರನೇ ಸಲವೂ ಅದೇ ಮಾತು:
"ಬಾ ವೀರಾ, ಮಳೆ ಬರೋ ಹಾಗಿದೆ."
ಬಂದದ್ದೇ ಇಲ್ಲ.

ಎಲ್ಲರೂ ಹಾಳೆಯಷ್ಟು ತೆಳು.
ಎಡಕ್ಕೆ ಹೊರಳಿದರೆ ಎಡಗೆನ್ನೆ,
ಬಲಕ್ಕೆ ಬಲ.
ಒಬ್ಬರಿಗೂ ಬೆನ್ನಿಲ್ಲ.

"ಗೇಮಿನ ತಪ್ಪು ನೋಡಣ್ಣ ಅದು" ಅಂದ,
ಕಾದ ಮರಳು ಮಗುಚುತ್ತಿದ್ದ
ಅಬ್ಬಾನ ಬೆನ್ನು ನೋಡುತ್ತ:
ಬೆವರು, ಹೊಟ್ಟಿನ ಧೂಳು,
ಹೆಗಲ ಕೆಳಗೊಂದು ಹಳೇ ಸುಟ್ಟಕಲೆ.

ಸೇವ್ ಮಾಡಿ ಎದ್ದ.
ಇನ್ನೂ ಎರಡು ಮೂಟೆ ಅಕ್ಕಿ ಬಾಕಿ.