ಲಂಗರು

ವಾಸ್ಕೋದಲ್ಲಿ ಪೋದೇರನ ಬೇಕರಿಯ ಮೇಲ್ಮಹಡಿ.
ಕೆಳಗೆ ಪಾವು ಬೇಯುವ ವಾಸನೆ, ಮೇಲೆ ಆರು ಕಂಪ್ಯೂಟರು,
ಅದರಲ್ಲಿ ಎರಡು ಕೆಟ್ಟವು.
ಲವೀನಾ ಟೀಚರ್ ಬೋರ್ಡಿನ ಮೇಲೆ ಒಂದೇ ಅಕ್ಷರ ಬರೆದರು: ಎ.
ಎ ಅಂದರೆ ಆ್ಯಪಲ್ ಅಲ್ಲ, ಆ್ಯಂಕರ್, ಅಂದರು.
ಲಂಗರು.

ನನಗೆ ನಗು ಬಂತು.
ನಮ್ಮಪ್ಪ ಹತ್ತೊಂಬತ್ತು ವರ್ಷ ಲಂಗರು ಎತ್ತಿದವನು,
ಜುವಾರಿ ಹೊಳೆಯ ಅದಿರು ಬಾರ್ಜಿನಲ್ಲಿ ಖಲಾಸಿ.
ಮುದ್ದೇಬಿಹಾಳದ ಕಡೆಯ ಒಣನೆಲದಿಂದ ಈಜು ಬಾರದೆ ಬಂದು
ಸರಪಳಿಯ ತುಕ್ಕನ್ನು ಅಂಗೈ ಗೆರೆಗಳಲ್ಲಿ ಉಳಿಸಿಕೊಂಡವನು.
ಲಂಗರು ಅಂದರೆ ನಿಲ್ಲುವುದಲ್ಲವೇ ಟೀಚರ್,
ಇದು ಹೋಗುವುದಕ್ಕೆ ತಾನೇ?
ಅವರು ಚಾಕ್ ತಿರುಗಿಸುತ್ತ ಕಿಟಕಿ ಕಡೆ ನೋಡಿದರು.
ಒಳ್ಳೇ ಪ್ರಶ್ನೆ. ಮೊದಲು ಬರಿ.

ಬರೆದೆ.
ಚೂಪು ಕಂಸ ತೆರೆದು ಎ, ಒಂದು ಖಾಲಿ ಜಾಗ,
ಎಚ್, ಆರ್, ಇ, ಎಫ್. ಕೂಡಿಸಿ ಓದಹೋದರೆ
ಬಿಸಿ ಚಹಾ ನಾಲಿಗೆ ಸುಟ್ಟಾಗಿನ ಸದ್ದು.
ಆಮೇಲೆ ಸಮ ಚಿಹ್ನೆ, ಜೋಡಿ ಕೊಕ್ಕೆಗಳ ನಡುವೆ ವಿಳಾಸ.
ಕಂಸ ಮುಚ್ಚಿ, ಜನಕ್ಕೆ ಕಾಣಬೇಕಾದ ಮಾತು ಇಟ್ಟು,
ಓರೆಗೆರೆಯ ಜೊತೆ ಎ ಅನ್ನು ಮತ್ತೆ ಕರೆದು
ಬಾಗಿಲು ಹಾಕಬೇಕು.
ಹಾಕಲಿಲ್ಲ.

ಪುಟವೆಲ್ಲ ನೀಲಿ!
ಅವ್ವನ ಕೌದಿಯ ದರ ನೀಲಿ, ಫೋನ್ ನಂಬರು ನೀಲಿ,
ಹಳೇ ಸೀರೆ ನೀವೇ ತರಬೇಕು ಅನ್ನುವುದೂ ನೀಲಿ,
ಎಲ್ಲದರ ಅಡಿಗೂ ಗೆರೆ,
ಎಲ್ಲಿ ಒತ್ತಿದರೂ ಒಂದೇ ಕಡೆ ಒಯ್ಯುತ್ತದೆ.
ಸಾವಿಯೋ ನಕ್ಕು ಖುರ್ಚಿಯಿಂದ ಜಾರಿದ.
ಗಂಟು ಹಾಕದ ದಾರ. ಅವ್ವ ನೋಡಿದ್ದರೆ
ಸೂಜಿ ಕಸಿದುಕೊಳ್ಳುತ್ತಿದ್ದಳು.
ಓರೆಗೆರೆ ಹಾಕಿದೆ. ನೀಲಿ ಹಿಂದೆ ಸರಿಯಿತು, ಉಬ್ಬರ ಇಳಿದ ಹಾಗೆ.
ಒಂದೇ ಮಾತು ಒದ್ದೆ ಉಳಿಯಿತು:
ಕೌದಿ.

ಈಗ 'ನಮ್ಮ ಮನೆ' ಅನ್ನುವುದಕ್ಕೂ ಹಾಕು,
ಗಿರಾಕಿಗಳು ಬರಬೇಡವೇ, ಅಂದರು ಟೀಚರ್.
ಕೀಲಿಮಣೆಯ ಮೇಲೆ ಕೈ ನಿಂತಿತು.
ರೇಷನ್ ಕಾರ್ಡಿನಲ್ಲಿ ಬೈನಾ ಇದೆ.
ಬೈನಾದಲ್ಲಿ ಆ ಮನೆ ಇದ್ದ ಕಡೆ ಮರಳಿದೆ.
ಜೆಸಿಬಿ ಬಂದ ಬೆಳಿಗ್ಗೆ
ಅವ್ವ ಹೊಲಿಗೆಯ ಗಂಟನ್ನು ಮಾತ್ರ ಹೊತ್ತು ಹೊರಗೆ ಬಂದದ್ದು,
ನಾನು ಕಂಪಾಸು ಪೆಟ್ಟಿಗೆ ಹಿಡಿದಿದ್ದೆ, ಒಳಗೆ ಕೈವಾರ ಇರಲಿಲ್ಲ.
ಕಾರ್ಡಿನ ಅಕ್ಷರ ಇನ್ನೂ ಸ್ಪಷ್ಟ.
ಒತ್ತಿದರೆ ಏನೂ ಇಲ್ಲ.
ಹಿಂದಿನ ವಾರ ಟೀಚರ್ ತೋರಿಸಿದ್ದರು ಅಂಥ ಪುಟ:
ನಾನೂರ ನಾಲ್ಕು, ಸಿಗಲಿಲ್ಲ.
ಆ ನಂಬರಿನ ಮನೆಯವರು ನಾವು ಎಂದು
ನಾನು ಹೇಳಲಿಲ್ಲ.
ಈಗಿನ ಖೋಲಿ ಜುವಾರಿನಗರದಲ್ಲಿ, ಹನ್ನೊಂದು ತಿಂಗಳ ಕರಾರು,
ಒಂಬತ್ತು ಮುಗಿದಿದೆ.

ವಿಳಾಸ ಗೊತ್ತಿಲ್ಲದಿದ್ದರೆ?
ಸದ್ಯಕ್ಕೆ ಚೌಕಳಿ ಗುರುತು ಇಡು.
ಎರಡು ಅಡ್ಡ, ಎರಡು ಉದ್ದ,
ನೇಯಲು ಹಿಡಿದು ಬಿಟ್ಟ ಚಾಪೆ.
ಒತ್ತಿದೆ. ಎಲ್ಲಿಗೂ ಹೋಗಲಿಲ್ಲ,
ಅದೇ ಪುಟದ ನೆತ್ತಿಗೆ ಬಂದು ನಿಂತಿತು.

ರವಿವಾರ ಕರೆಯಲು ಬಂದ ಅಪ್ಪ
ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ, ಗುಡಿಗೆ ಬಂದವನ ಹಾಗೆ.
ಮೌಸು ಹಿಡಿಸಿದೆ. ಬಾಣ ಅಲೆಯಿತು, ನಡುಗಿತು,
ಆ ಎರಡು ಮಾತಿನ ಮೇಲೆ ಬಂದದ್ದೇ
ಕೈಯಾಯಿತು.
ಬಾ ಅಂತ ಕರ್ಯಾಕತ್ತೈತಲ್ಲ, ಅಂದ.
ಇದಕ್ಕ ಲಂಗರ ಅಂತಾರಪ್ಪ, ಯಾಕಂತ ಟೀಚರಗೂ ಗೊತ್ತಿಲ್ಲ.
ಅಪ್ಪ ಗಡ್ಡ ಕೆರೆದ.
ಲಂಗರ ಬಿಟ್ರ ಬಾರ್ಜ್ ನಿಂತ ಬಿಡತೈತಿ ಅಂತ ಮಾಡಿ ಏನ?
ಸರಪಳಿ ಎಷ್ಟುದ್ದ ಐತಿ ಅಷ್ಟು ಸುತ್ತತಿರತೈತಿ, ರಾತ್ರೆಲ್ಲಾ.
ಉಬ್ಬರಕ್ಕ ಒಂದ ಮಾರಿ, ಇಳತಕ್ಕ ಒಂದ ಮಾರಿ.
ಮಲಗಿದವಗ ತಿಳ್ಯಾಂಗಿಲ್ಲ,
ಎದ್ದಾಗ ದೀಪಸ್ತಂಭ ಬ್ಯಾರೆ ಕಡೆ ಇರತೈತಿ.

ಹೇಳುತ್ತಲೇ ಒತ್ತಿದ,
ಬಾಗಿಲ ಗಂಟೆ ಒತ್ತುವವರ ಹಾಗೆ, ಬೆರಳು ಊರಿ, ಬಿಡದೆ.
ಪುಟ ಮೇಲಕ್ಕೆ ಜಿಗಿಯಿತು.
ಬಂತಲ್ಲ, ಅಂದ.

ಕೆಳಗಿಳಿದು ಐದು ಪಾವು ಕಟ್ಟಿಸಿಕೊಂಡೆವು.
ಅವ್ವ ಕೇಳಿದ್ದು ಒಂದೇ:
ದರ ಸರಿಯಾಗಿ ಬರದಿ ಇಲ್ಲ?